ಕೇಳಿದ್ದರಲ್ಲಿ ಅರ್ಧ

ಮಾರ್ಚ್ 4, ಸೋಮವಾರ

ಈ ನೋಟ್‌ಬುಕ್ಕನ್ನು ಪಾಠದ ಟಿಪ್ಪಣಿ ಬರೆದುಕೊಳ್ಳಲಿ ಎಂದು ಆಸ್ಪತ್ರೆಯವರು ಕೊಟ್ಟಿದ್ದಾರೆ. ಟಿಪ್ಪಣಿ ಹಾಳಾಗಿ ಹೋಗಲಿ, ಮೊದಲು ನನ್ನ ಸಿಟ್ಟನ್ನು ಬರೆದಿಡುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಈ ಆಸ್ಪತ್ರೆಯ ಸ್ಟೋರು ನನ್ನದು. ಹತ್ತಿ, ಗ್ಲೌಸು, ಸೂಜಿ, ಹಾಸಿಗೆ ಬಟ್ಟೆ, ನೆಲ ಒರೆಸುವ ದ್ರಾವಣ, ಯಾವುದು ಯಾವ ಶೆಲ್ಫಿನಲ್ಲಿದೆ ಎಂದು ಕಣ್ಣು ಕಟ್ಟಿದರೂ ಹೇಳುತ್ತೇನೆ. ಡಾಕ್ಟರುಗಳು ಬಂದರು ಹೋದರು, ನಾನಿದ್ದೇನೆ. ನನ್ನ ಹೆಸರು ಮರೆತು ಎಲ್ಲರೂ ಸ್ಟೋರಮ್ಮ ಅನ್ನುತ್ತಾರೆ. ಇವತ್ತು ಹೊಸ ಖರೀದಿ ಮ್ಯಾನೇಜರು ಕರೆದು, ಜುಲೈ ಒಳಗೆ ಖರೀದಿ ಮತ್ತು ಸರಬರಾಜಿನ ಮೂಲ ಪಾಠಗಳ ಪರೀಕ್ಷೆ ಪಾಸಾದವರು ಮಾತ್ರ ಸ್ಟೋರಿನ ಮುಖ್ಯಸ್ಥರಾಗಿ ಉಳಿಯಬಹುದು ಅಂದರು. ಇಲ್ಲದಿದ್ದರೆ ನೆಲಮಾಳಿಗೆಯಲ್ಲಿ ಹಳೆ ಕಡತಗಳ ಕೋಣೆ. ಅಲ್ಲಿ ಜಿರಲೆಗಳಿಗೆ ನಾನು ಮುಖ್ಯಸ್ಥೆ.

ಈ ಮನುಷ್ಯ ಎಂಥ ಸೆಕೆಯಲ್ಲೂ ಕೋಟು ಬಿಚ್ಚುವುದಿಲ್ಲ. ಬಂದ ವಾರಕ್ಕೇ ಆಸ್ಪತ್ರೆ ತುಂಬ 'ಕೋಟು' ಎಂದೇ ಹೆಸರಾಗಿದೆ.

"ನಿಮ್ಮ ವಯಸ್ಸಿಗೆ ಕಷ್ಟ ಆಗ್ಬಹುದು ಮೇಡಂ. ಒತ್ತಾಯ ಏನಿಲ್ಲ," ಅಂದರು ಕೋಟು.

ನನಗೆ ಐವತ್ತೊಂದು. ಆ ಒಂದು ಮಾತು ಅನ್ನದಿದ್ದರೆ ನಾನೇ ಬೇಡ ಅನ್ನುತ್ತಿದ್ದೆನೋ ಏನೋ. ಅಂದುಬಿಟ್ಟರಲ್ಲ, ಇನ್ನು ಪರೀಕ್ಷೆ ಬರೆದೇ ತೀರುತ್ತೇನೆ.

ಮಾರ್ಚ್ 7, ಗುರುವಾರ

ಪುಸ್ತಕ ಬಂತು. ಮುನ್ನೂರ ನಲವತ್ತು ಪುಟ. ಜೀವಮಾನದಲ್ಲಿ ಒಂದು ಮೂಟೆ ಎತ್ತದವರು ಬರೆದಿರಬೇಕು.

ಖರೀದಿಯಲ್ಲಿ ಐದು ಸರಿಗಳಿವೆಯಂತೆ. ಸರಿಯಾದ ಗುಣ, ಸರಿಯಾದ ಪ್ರಮಾಣ, ಸರಿಯಾದ ಜಾಗ, ಸರಿಯಾದ ಹೊತ್ತು, ಸರಿಯಾದ ಬೆಲೆ. ಇದಕ್ಕೆ ಮೂವತ್ತು ಪುಟ. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕಂತೆ, ಅದಕ್ಕೆ ಹನ್ನೆರಡು ಪುಟ. ನಿನ್ನೆಯ ಹಾಲಿದ್ದರೆ ಇವತ್ತಿನದನ್ನು ಹಿಂದಿಟ್ಟು ನಿನ್ನೆಯದನ್ನೇ ಮೊದಲು ಕಾಯಿಸಬೇಕು ಎಂದು ಅಡುಗೆಮನೆ ಹೊಕ್ಕ ಯಾರಿಗೆ ಗೊತ್ತಿಲ್ಲ?

ಎಲ್ಲಕ್ಕಿಂತ ಮೇಲಾದದ್ದು ಆರನೇ ಪಾಠ. ಸರಬರಾಜುದಾರರು ನಮ್ಮ ಪಾಲುದಾರರಂತೆ. ಓದಿ ಒಬ್ಬಳೇ ನಕ್ಕೆ. ನನ್ನ ಪ್ರಕಾರ ಅವರಲ್ಲಿ ಅರ್ಧ ಜನ ಕಳ್ಳರು, ಉಳಿದರ್ಧ ಇನ್ನೂ ಸಿಕ್ಕಿಬಿದ್ದಿಲ್ಲ. ಆಪರೇಶನ್ನಿನ ಹೊಲಿಗೆ ದಾರವನ್ನು ಸ್ಕೂಟರಿನಲ್ಲಿ ತಂದುಕೊಡುವ ಮುದುಕ, ನಾವೆಲ್ಲ ಸ್ಕೂಟರ್ ಯಜಮಾನ ಅನ್ನುತ್ತೇವೆ, ಹನ್ನೊಂದು ವರ್ಷದಲ್ಲಿ ಒಂದು ದಿನ ತಡ ಮಾಡಿಲ್ಲ. ಆದರೂ ಪ್ರತಿ ಸಲ ಪೊಟ್ಟಣಗಳನ್ನು ಎರಡೆರಡು ಬಾರಿ ಎಣಿಸುತ್ತೇನೆ. ಅವರು ಕೈಕಟ್ಟಿ ನಿಂತು ಕಾಯುತ್ತಾರೆ.

ಮಾರ್ಚ್ 17, ಭಾನುವಾರ

ನಮ್ಮ ಯಜಮಾನರು ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಿಗ್ಗೆ ಹೊಲಿಗೆ ಮೆಷಿನ್ನಿನ ಪಕ್ಕ ಪುಸ್ತಕ ಇಟ್ಟುಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನನಗೆ ಪ್ರಶ್ನೆ ಕೇಳಿದರು.

"ಬೇಡಿಕೆಯ ಅಂದಾಜು ತಪ್ಪೋದಕ್ಕೆ ಮುಖ್ಯ ಕಾರಣ ಏನೇ?"

"ಕೇಳೋರು ಸುಳ್ಳು ಹೇಳೋದು."

"ಪುಸ್ತಕದಲ್ಲಿ ಹಾಗೆ ಕೊಟ್ಟಿಲ್ಲ."

"ಪುಸ್ತಕದವನು ನಮ್ಮ ವಾರ್ಡು ನೋಡಿಲ್ಲ ರೀ."

ವಿವರಿಸಿ ಹೇಳಿದೆ. ಪ್ರತಿ ತಿಂಗಳು ವಾರ್ಡಿನ ಸಿಸ್ಟರುಗಳು ಬೇಕಾದ ಸಾಮಾನಿನ ಪಟ್ಟಿ ಕಳಿಸುತ್ತಾರೆ, ಅದೇ ಇಂಡೆಂಟು. ನೂರು ಬೇಕಿದ್ದರೆ ಇನ್ನೂರು ಬರೆಯುತ್ತಾರೆ. ನಾನು ನೀಲಿ ಪೆನ್ಸಿಲ್ಲಿನಲ್ಲಿ ಅರ್ಧ ಹೊಡೆದುಹಾಕಿ ನೂರಕ್ಕೆ ಆರ್ಡರು ಮಾಡುತ್ತೇನೆ. ನಾನು ಅರ್ಧ ಹೊಡೆಯುತ್ತೇನೆ ಎಂದು ಗೊತ್ತಿದ್ದೇ ಅವರು ಎರಡರಷ್ಟು ಬರೆಯುವುದು, ಅವರು ಎರಡರಷ್ಟು ಬರೆಯುತ್ತಾರೆ ಎಂದು ಗೊತ್ತಿದ್ದೇ ನಾನು ಹೊಡೆಯುವುದು. ಒಂದು ಸಲವೂ ಇದನ್ನು ಮಾತಾಡಿಕೊಂಡಿಲ್ಲ. ಜೊತೆಗೆ ಬಂದ ಸಾಮಾನಿನಲ್ಲಿ ಹತ್ತಕ್ಕೊಂದನ್ನು ನಾನು ಸ್ಟೋರಿನ ಒಳ ಕಪಾಟಿನಲ್ಲಿ ಎತ್ತಿಡುತ್ತೇನೆ. ಅದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಕಷ್ಟಕಾಲಕ್ಕೆ ಬೇಕಲ್ಲ. ಎಷ್ಟು ಸಲ ಆ ಕಪಾಟು ಈ ಆಸ್ಪತ್ರೆಯ ಮಾನ ಉಳಿಸಿದೆ.

ಅವರು ಸೂಜಿಗಳನ್ನು ಬಾಯಿಂದ ತೆಗೆದರು. "ಅಂದ್ರೆ ನಿಜವಾಗಿ ಎಷ್ಟು ಬೇಕು ಅಂತ ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ."

"ನಂಗೊತ್ತು."

"ಹೇಗೆ?"

"ಅಂದಾಜು."

"ನನ್ನ ಗಿರಾಕಿ ಬಟ್ಟೆ ಜಾಸ್ತಿ ತಂದಿದಾನೆ ಅನ್ನಿಸಿದ್ರೆ ನಾನು ಅರ್ಧ ಕತ್ತರಿಸಿ ಬಿಸಾಕ್ತೀನಾ? ಟೇಪು ಹಿಡೀತೀನಿ ಕಣೇ."

ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು, ಟೇಪಿನ ವಿಷಯ ಬಿಟ್ಟು ಬೇರೆ ಉಪಮೆ ಈ ಮನುಷ್ಯನಿಗೆ ಹೊಳೆದೇ ಇಲ್ಲ.

ಮಾರ್ಚ್ 18, ಸೋಮವಾರ

ಒಂದು ಪುಟವೂ ಓದಲಿಲ್ಲ. ಟೇಪಂತೆ.

ಏಪ್ರಿಲ್ 3, ಬುಧವಾರ

ಆಪರೇಶನ್ ಥಿಯೇಟರಿಗೆ ಹೊಸ ಸಿಸ್ಟರು ಬಂದಿದ್ದಾಳೆ. ಸಣ್ಣ ಪ್ರಾಯ, ಶೂ ಲೇಸು ಕೂಡ ಸಮವಾಗಿ ಕಟ್ಟಿಕೊಳ್ಳುವ ಹುಡುಗಿ. ಇಂಡೆಂಟನ್ನು ತಾನೇ ತಂದಳು. ಮೈಯೊಳಗೆ ತಾನಾಗಿ ಕರಗುವ ಹೊಲಿಗೆ ದಾರ, ನಲವತ್ತು ಪೊಟ್ಟಣ.

"ನಲವತ್ತಾ?" ಅಂದೆ. ಹಿಂದಿದ್ದವಳು ಎಂಬತ್ತಕ್ಕೆ ಕಡಿಮೆ ಬರೆದವಳಲ್ಲ.

"ಹೋದ ಮೂರು ತಿಂಗಳ ಆಪರೇಶನ್ ಪಟ್ಟಿ ನೋಡಿ ಲೆಕ್ಕ ಹಾಕ್ದೆ ಅಕ್ಕ. ನಲವತ್ತು ಸಾಕಾಗುತ್ತೆ."

ಅವಳು ಹೋದ ಮೇಲೆ ನೀಲಿ ಪೆನ್ಸಿಲ್ಲು ತೆಗೆದುಕೊಂಡು ಇಪ್ಪತ್ತು ಮಾಡಿದೆ. ಲೆಕ್ಕ ಹಾಕಿದಳಂತೆ. ಎಲ್ಲರೂ ಹಾಗೇ ಹೇಳುವುದು. ಆರ್ಡರುಗಳ ಕಟ್ಟನ್ನು ಕೋಟು ಫೋನಿನಲ್ಲಿ ಮಾತಾಡುತ್ತಲೇ ಸಹಿ ಮಾಡಿದರು. ಒಂದನ್ನೂ ನೋಡಲಿಲ್ಲ. ಇವರು ನನಗೆ ಪಾಠ ಹೇಳುವವರು.

ಏಪ್ರಿಲ್ 12, ಶುಕ್ರವಾರ

ಮಾದರಿ ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೊಂದು. ಪಾಸಿಗೆ ಐವತ್ತು ಬೇಕು.

ಕೋಟು ಉತ್ತರಪತ್ರಿಕೆ ಕೊಡುತ್ತ, "ಅನುಭವ ಬೇರೆ, ತಿಳುವಳಿಕೆ ಬೇರೆ ಮೇಡಂ," ಅಂದರು. ಮೂವತ್ತೊಂದು ಎಂದು ದಪ್ಪಗೆ ಬರೆದು ನನ್ನ ಮೇಜಿನ ಎದುರಿಗೇ ಅಂಟಿಸಿದ್ದೇನೆ. ನೋಡುವವರು ನೋಡಲಿ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಯಾರೂ ಆಡಿಕೊಳ್ಳಬಾರದು. ಕುಣಿದೇ ತೋರಿಸುತ್ತೇನೆ. ನಾಳೆಯಿಂದ ಬೆಳಿಗ್ಗೆ ಐದಕ್ಕೆ ಏಳುವುದು.

ಏಪ್ರಿಲ್ 25, ಗುರುವಾರ

ಬರೆಯುವುದಕ್ಕೆ ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಅಪಘಾತದ ಇಬ್ಬರನ್ನು ಒಟ್ಟಿಗೇ ತಂದರು. ಥಿಯೇಟರಿನಲ್ಲಿದ್ದ ಕರಗುವ ದಾರವೆಲ್ಲ ಅವರಿಗೇ ಮುಗಿಯಿತು. ಹನ್ನೊಂದಕ್ಕೆ ಒಬ್ಬ ಬಡಗಿಗೆ ಹರ್ನಿಯಾ ಆಪರೇಶನ್ ಇತ್ತು. ನಿನ್ನೆ ಸಂಜೆಯಿಂದ ಉಪವಾಸ ಇರಿಸಿದ್ದರು. ಅವರನ್ನು ಥಿಯೇಟರಿನ ಬಾಗಿಲವರೆಗೆ ತಂದು, ದಾರವಿಲ್ಲ ಎಂದು ಸಿಸ್ಟರು ನನ್ನ ಹತ್ತಿರ ಓಡಿ ಬಂದಳು.

"ಅಕ್ಕ, ನಲವತ್ತು ಕೇಳಿದ್ದೆ. ಇಪ್ಪತ್ತೇ ಬಂದಿತ್ತು. ಸ್ಟೋರಲ್ಲಿ ಉಳಿದಿರ್ಬೇಕಲ್ವಾ?"

ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಯಿತು. ಒಳ ಕಪಾಟು ಇರುವುದೇ ಇಂಥ ಹೊತ್ತಿಗೆ. "ಸ್ಟೋರಮ್ಮ ಇರೋವಾಗ ಯಾಕಮ್ಮ ಹೆದರ್ತೀಯಾ," ಎಂದು ಅವಳೆದುರೇ ಬೀಗ ತೆಗೆದೆ. ದಾರದ ಪೊಟ್ಟಣಗಳು ಒಂದರ ಮೇಲೊಂದು ನೀಟಾಗಿ ಇದ್ದವು. ಒಂದು ಹಿಡಿ ತೆಗೆದುಕೊಟ್ಟೆ. ಅವಳು ತಿರುಗಿಸಿ ನೋಡಿದಳು. ಇನ್ನೊಂದನ್ನು ನೋಡಿದಳು. ಮತ್ತೊಂದನ್ನೂ.

"ಅಕ್ಕ, ಇದು ಡಿಸೆಂಬರಿಗೇ ಮುಗಿದಿದೆ."

ಎಲ್ಲವನ್ನೂ ಮೇಜಿನ ಮೇಲೆ ಸುರಿದೆವು. ಒಂದಕ್ಕೂ ಅವಧಿ ಉಳಿದಿರಲಿಲ್ಲ; ಕಪಾಟಿನಲ್ಲಿ ದಾರದ ಗೂಡು ಎಂದೋ ತುಂಬಿತ್ತು, ಆಮೇಲೆ ಹೊಸದನ್ನು ಇಟ್ಟಿರಲಿಲ್ಲ. ಹೊಸದನ್ನು ಹಿಂದಿಟ್ಟು ಹಳೆಯದನ್ನು ಮುಂದೆ ತರಬೇಕು ಎಂಬ ಪಾಠವನ್ನು ಆಡಿಕೊಂಡವಳು ನಾನು. ಆದರೆ ಕಷ್ಟ ಬರುವ ಮೊದಲೇ ಆ ಕಪಾಟಿನಿಂದ ಏನನ್ನಾದರೂ ಹೊರಗೆ ಕಳಿಸಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಕೂಡಿಡುವುದಷ್ಟೇ ಗೊತ್ತಿತ್ತು.

ಬಡಗಿಯನ್ನು ಮತ್ತೆ ವಾರ್ಡಿಗೆ ತಳ್ಳಿಕೊಂಡು ಹೋದರು. ಹೊಸ ದಾರ ಬಂದ ಮೇಲೆ ಮಂಗಳವಾರ ಮಾಡೋಣ ಅಂದರಂತೆ ಡಾಕ್ಟರು.

ಏಪ್ರಿಲ್ 26, ಶುಕ್ರವಾರ

ಇಪ್ಪತ್ತಾರು ಪೊಟ್ಟಣ. ಎರಡು ಸಲ ಎಣಿಸಿದೆ.

ಏಪ್ರಿಲ್ 29, ಸೋಮವಾರ

ಬಡಗಿಗೆ ಮಂಗಳವಾರದವರೆಗೆ ಕಾಯಲು ಆಗಲಿಲ್ಲ. ಶನಿವಾರ ಕರುಳು ಸಿಕ್ಕಿಕೊಂಡು ನೋವು ತಡೆಯಲಾರದೆ ಕೂಗಿಕೊಂಡರಂತೆ. ಬೇರೆ ಆಸ್ಪತ್ರೆಯಿಂದ ದಾರ ತರಿಸಿ ತುರ್ತಾಗಿ ಆಪರೇಶನ್ ಮಾಡಿದರು. ಒಂದು ಗೇಣಿನಷ್ಟು ಕರುಳು ಕೊಳೆತಿತ್ತು, ಕತ್ತರಿಸಿ ತೆಗೆದರು. ಪ್ರಾಣಕ್ಕೆ ಅಪಾಯವಿಲ್ಲ.

ಮಧ್ಯಾಹ್ನ ಹೋಗಿ ನೋಡಿದೆ. ದೊಡ್ಡ ಕೈಗಳು, ಉಗುರುಗಳಲ್ಲಿ ಇನ್ನೂ ಪಾಲಿಶಿನ ಬಣ್ಣ. ನಾನು ಸ್ಟೋರಿನವಳು ಎಂದಾಗ ಏಳಲು ಹೋದರು.

"ಸಾಮಾನು ತರೋನ್ಯಾರೋ ಕೈಕೊಟ್ನಂತೆ," ಅಂದರು. "ನೀವಾದ್ರೂ ಏನ್ಮಾಡ್ತೀರಮ್ಮ, ಪಾಪ."

ಪಾಪ ಅಂದರು. ನನಗೆ. ಏನೂ ಹೇಳದೆ ಎದ್ದು ಬಂದೆ. ಇಷ್ಟು ಹೇಡಿ ನಾನು ಎಂದು ಈ ವಯಸ್ಸಿಗೆ ತಿಳಿಯಿತು.

ಸಾಮಾನು ತರುವವನು ಕೈಕೊಟ್ಟ ಎಂಬ ಮಾತು ಎಲ್ಲಿಂದ ಹುಟ್ಟಿತೆಂದು ಸಂಜೆ ಗೊತ್ತಾಯಿತು. ಕೋಟು ಬರೆದಿಟ್ಟ ವರದಿ ಓದಿಸಿದರು. ಥಿಯೇಟರಿನವರು ನಲವತ್ತು ಕೇಳಿದ್ದರು, ಸರಬರಾಜುದಾರರು ಇಪ್ಪತ್ತು ಮಾತ್ರ ಕಳಿಸಿದರು. ಎರಡೂ ಸಾಲು ನಿಜವೇ. ಅವೆರಡರ ನಡುವೆ ನನ್ನ ನೀಲಿ ಪೆನ್ಸಿಲ್ಲಿನ ಆರ್ಡರು ಇದೆ, ಅದರ ಕೆಳಗೆ ಕೋಟಿನ ಸಹಿ ಇದೆ. ಅದು ಮಾತ್ರ ವರದಿಯಲ್ಲಿ ಇಲ್ಲ.

"ಅವರಿಗೆ ಆರ್ಡರ್ ಹೋಗಿದ್ದೇ ಇಪ್ಪತ್ತಕ್ಕೆ ಸಾರ್," ಅಂದೆ.

"ಗೊತ್ತು ಮೇಡಂ. ನಿಮ್ಮನ್ನ ಉಳಿಸೋಕೇ ಹೀಗೆ ಬರೆದಿರೋದು."

ನನ್ನನ್ನಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಅಲ್ಲಿ ಇಬ್ಬರಿದ್ದೆವು.

ಮೇ 2, ಗುರುವಾರ

ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದು ಕೋಟಿಗೆ ಕೊಟ್ಟೆ. ಇಂಡೆಂಟು ಅರ್ಧ ಹೊಡೆದದ್ದು, ಒಳ ಕಪಾಟು, ಅವಧಿ ಮುಗಿದ ಇಪ್ಪತ್ತಾರು ಪೊಟ್ಟಣ. ಅವರು ಓದಿ, ಮಡಿಸಿ, ಡ್ರಾಯರಿಗೆ ಹಾಕಿದರು. "ವರದಿ ಮೇಲಕ್ಕೆ ಹೋಗೋದು ಜುಲೈಯಲ್ಲಿ. ಮೊದ್ಲು ಪರೀಕ್ಷೆ ಬರೀರಿ. ತಲೆ ಬಿಸಿ ಇರೋವಾಗ ಕಾಗದ ಬರೀಬಾರ್ದು ಮೇಡಂ."

ಬಡಗಿಗೂ ಹೇಳಿದೆ. ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ಮೇ 20, ಸೋಮವಾರ

ಸ್ಕೂಟರ್ ಯಜಮಾನರು ಬಂದಿದ್ದರು. ಈ ತಿಂಗಳು ಅವರಿಗೆ ಆರ್ಡರು ಕೊಟ್ಟಿಲ್ಲ, ವರದಿ ಮೇಲಕ್ಕೆ ಹೋಗುವ ತನಕ ನಿಲ್ಲಿಸಿ ಅಂದಿದ್ದಾರೆ ಕೋಟು. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನಾನೇನಾದ್ರೂ ತಡ ಮಾಡಿದ್ನಾ ಅಮ್ಮ?"

"ಇಲ್ಲ. ಕೂತ್ಕೊಳ್ಳಿ."

ಹನ್ನೊಂದು ವರ್ಷದಲ್ಲಿ ಅವರಿಗೆ ಕುರ್ಚಿ ಕೊಟ್ಟದ್ದು ಇದೇ ಮೊದಲು. ತಪ್ಪು ನನ್ನದು ಎಂದು ಹೇಳಿದೆ. ಒಂದು ಲೋಟ ನೀರು ಕುಡಿದು ಹೋದರು.

ಊಟದ ಬಿಡುವಿನಲ್ಲಿ ಈಗ ಪುಸ್ತಕ ಹಿಡಿದು ವಾರ್ಡು ಸುತ್ತುತ್ತಿದ್ದೇನೆ. ಹೊಟ್ಟೆಗೆ ಬೇಕಾದ್ದು ಮನೆಗೆ ಹೋದ ಮೇಲೆ. ದಿನಕ್ಕೆ ಎಷ್ಟು ಗ್ಲೌಸು, ಎಷ್ಟು ಸೂಜಿ ಖರ್ಚಾಗುತ್ತದೆ ಎಂದು ನಿಂತು ನೋಡಿ ಬರೆದುಕೊಳ್ಳುತ್ತೇನೆ. ಪರೀಕ್ಷೆಗೆ ಉದಾಹರಣೆ ಬೇಕಲ್ಲ, ಅದಕ್ಕೆ. ಮೊದಲು ಸಿಸ್ಟರುಗಳಿಗೆ ಅನುಮಾನ. ನನ್ನ ಕಪಾಟಿನ ಕಥೆಯನ್ನು ನಾನೇ ಹೇಳಿದೆ. ಮಕ್ಕಳ ವಾರ್ಡಿನ ಸಿಸ್ಟರು ಮಂಚದ ಕೆಳಗಿಂದ ಒಂದು ಟ್ರಂಕು ಎಳೆದಳು. "ನಿಮಗೆ ಹೆದರಿ ಇಟ್ಕೊಂಡಿದ್ದು," ಅಂದಳು. ಟ್ರಂಕಿನ ತುಂಬ ಬ್ಯಾಂಡೇಜು. ಎರಡು ವಾರದಲ್ಲಿ ಇಂಥವು ಒಂಬತ್ತು ಹೊರಗೆ ಬಂದವು. ಚೀಲ, ಡಬ್ಬ, ಸೂಟ್‌ಕೇಸು. ಒಬ್ಬಳಂತೂ ಹಳೆ ಫ್ರಿಜ್ಜಿನಲ್ಲಿ. ಎಲ್ಲವನ್ನೂ ಸ್ಟೋರಿನ ನೆಲದ ಮೇಲೆ ಹರಡಿ, ನಾನೂ ಥಿಯೇಟರ್ ಸಿಸ್ಟರೂ ಕೂತು ಒಂದೊಂದರ ಅವಧಿ ನೋಡಿದೆವು. ಮೂರರಲ್ಲಿ ಒಂದು ಪಾಲು ಕಸ. ಇಡೀ ಆಸ್ಪತ್ರೆಯಲ್ಲಿ ಸಾಮಾನು ಇತ್ತು, ಬೇಕಾದವನಿಗೆ ಮಾತ್ರ ಇರಲಿಲ್ಲ.

ಮಾದರಿ ಪರೀಕ್ಷೆ ಮತ್ತೆ ಬರೆದೆ. ಅರವತ್ತನಾಲ್ಕು. ಗೋಡೆಯ ಮೇಲಿನ ಅಂಕಿ ಬದಲಾಯಿಸಲು ನೆನಪಾಗಲಿಲ್ಲ.

ಜೂನ್ 6, ಗುರುವಾರ

ಪರೀಕ್ಷೆಗೆ ರಜೆ ಕೇಳಿದರೆ ಕೋಟು, "ನಿಮ್ಮ ಸ್ವಂತ ರಜೆ ಹಾಕ್ಕೊಳ್ಳಿ," ಅಂದರು. ಹಾಕಿಕೊಂಡೆ. ನನ್ನ ರಜೆ ಇನ್ನೂರ ಹತ್ತು ದಿನ ಬಾಕಿ ಇದೆ. ಅದನ್ನೂ ಕೂಡಿಟ್ಟಿದ್ದೆ ನೋಡಿ.

ಜೂನ್ 15, ಶನಿವಾರ

ಬರೆದೆ. ಪರೀಕ್ಷೆಯ ಕೋಣೆಯಲ್ಲಿ ನನಗಿಂತ ದೊಡ್ಡವರು ಯಾರೂ ಇರಲಿಲ್ಲ, ಮೇಲ್ವಿಚಾರಕರು ಕೂಡ ಚಿಕ್ಕವರೇ. ಅವರು ನನ್ನನ್ನು ನೋಡಿ ಎದ್ದು, "ಮೇಲ್ವಿಚಾರಣೆಗೆ ಬಂದ್ರಾ ಮೇಡಂ?" ಅಂದರು. "ಇಲ್ಲ, ಪಾಸಾಗೋಕೆ ಬಂದೆ," ಅಂದೆ.

ಸರಬರಾಜುದಾರರೊಂದಿಗೆ ಹೇಗಿರಬೇಕು ಎಂಬ ಪ್ರಶ್ನೆಗೆ ಎರಡು ಪುಟ ಬರೆದೆ. ಎರಡನೇ ಪುಟದಲ್ಲಿ ಕಣ್ಣು ಮಂಜಾಯಿತು. ಕನ್ನಡಕ ಒರೆಸಿಕೊಂಡು ಮುಗಿಸಿದೆ.

ನಮ್ಮ ಯಜಮಾನರು ಹೊರಗೆ ಮರದ ಕೆಳಗೆ ಒಬ್ಬರ ಪ್ಯಾಂಟಿಗೆ ಕೈಹೊಲಿಗೆ ಹಾಕುತ್ತ ಕಾಯುತ್ತಿದ್ದರು. "ಹೆಂಗಾಯ್ತು?" ಅಂದರು. "ಅಳತೆ ಸರಿ ಇದೆ," ಅಂದೆ. ಆ ಮನುಷ್ಯನ ಮುಖ ನೋಡಬೇಕಿತ್ತು. ದಾರಿಯುದ್ದಕ್ಕೂ ಬೀಗಿಕೊಂಡೇ ನಡೆದರು.

ಜುಲೈ 22, ಸೋಮವಾರ

ಪಾಸು. ಎಪ್ಪತ್ತೆರಡು. ಇಡೀ ಆಸ್ಪತ್ರೆಯಿಂದ ಬರೆದ ಐದು ಜನರಲ್ಲಿ ನನ್ನದೇ ಹೆಚ್ಚು. ಬೆಳಿಗ್ಗೆ ಥಿಯೇಟರ್ ಸಿಸ್ಟರು ಬಂದು ತಬ್ಬಿಕೊಂಡಳು. ಮಕ್ಕಳ ವಾರ್ಡಿನವಳು ಮೂವತ್ತೊಂದರ ಚೀಟಿ ಕಿತ್ತು, ಎಪ್ಪತ್ತೆರಡು ಎಂದು ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದಳು. ಇಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಯಜಮಾನರು ಇದನ್ನು ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮೂರು ಗಂಟೆಗೆ ಕೋಟು ಕರೆದರು. ಮೇಜಿನ ಮೇಲೆ ಎರಡು ಕಾಗದ. ಒಂದು, ನನ್ನನ್ನು ಸ್ಟೋರಿನ ಮುಖ್ಯಸ್ಥೆಯಾಗಿ ಕಾಯಂ ಮಾಡುವ ಆದೇಶ. ಮತ್ತೊಂದು, ಏಪ್ರಿಲ್ ತಿಂಗಳ ಅದೇ ವರದಿ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ನಾನು ಮೇ ತಿಂಗಳಲ್ಲಿ ಕೊಟ್ಟ ಹಾಳೆ ಪಕ್ಕದಲ್ಲಿತ್ತು.

"ಇದನ್ನ ವಾಪಸ್ ತಗೊಂಡ್ಬಿಡಿ. ಇದಕ್ಕೆ ಸಹಿ ಮಾಡಿ. ಅಷ್ಟೇ. ಸ್ಕೂಟರಿನವರ ಬದ್ಲು ಬೇರೆಯವರನ್ನ ನೋಡಿದೀನಿ. ಅವರಿಗೂ ವಯಸ್ಸಾಯ್ತಲ್ಲ."

"ನಂಗೂ ವಯಸ್ಸಾಯ್ತು ಸಾರ್."

"ಅದಕ್ಕೇ ಹೇಳ್ತಿರೋದು. ನಿಮ್ಮ ಕಾಗದ ಮೇಲಕ್ಕೆ ಹೋದ್ರೆ, ನೀವು ಪಾಸಾಗಿದ್ರೂ ಸ್ಟೋರು ಕೊಡೋಕಾಗಲ್ಲ. ಇಪ್ಪತ್ತೆರಡು ವರ್ಷ ಮೇಡಂ. ನಿಮಗೆ ಸ್ಟೋರು ಬೇಡ್ವಾ?"

"ಬೇಕು," ಅಂದೆ. ಆ ಆದೇಶದ ಕಾಗದವನ್ನು ಕೈಯಲ್ಲಿ ತೆಗೆದುಕೊಂಡು ಪೂರ್ತಿ ಓದಿದೆ. ನನ್ನ ಹೆಸರನ್ನು ತಪ್ಪಿಲ್ಲದೆ ಬರೆದಿದ್ದರು. ಸ್ಟೋರಮ್ಮ ಎಂದಲ್ಲ, ನನ್ನ ನಿಜವಾದ ಹೆಸರು.

"ನನ್ನ ತಪ್ಪನ್ನ ಅವರ ತಲೆಗೆ ಕಟ್ಟಿ ಆ ಕುರ್ಚಿ ಮೇಲೆ ಕೂತ್ರೆ, ನಾಳೆ ಸಿಸ್ಟರುಗಳಿಗೆ ನಿಜ ಬರೀರಿ ಅಂತ ಯಾವ ಬಾಯಲ್ಲಿ ಹೇಳ್ಲಿ ಸಾರ್?"

"ಯಾರಿಗೂ ಗೊತ್ತಾಗಲ್ಲ."

"ನಾನಿದೀನಲ್ಲ."

ನನ್ನ ಹಾಳೆ ಎತ್ತಿಕೊಂಡೆ. ಕೋಟು ಎದ್ದು ನಿಂತರು, ಅದನ್ನು ಎಲ್ಲಿಗೆ ಒಯ್ಯುತ್ತೇನೆಂದು ಅವರಿಗೆ ತಿಳಿದುಹೋಗಿತ್ತು. ಮೊದಲ ಬಾರಿಗೆ ಅವರ ಹಣೆಯಲ್ಲಿ ಬೆವರು ನೋಡಿದೆ. ಅವರ ಸಹಿ ಇರುವ ಏಪ್ರಿಲ್ ಆರ್ಡರಿನ ಪ್ರತಿಯನ್ನೂ ಜೊತೆಗೆ ಸೇರಿಸಿ, ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ, ಸೂಪರಿಂಟೆಂಡೆಂಟ್ ಡಾಕ್ಟರ ಕೈಗೇ ಕೊಟ್ಟೆ. ಅವರು ನಿಂತೇ ಓದಿದರು. ಮತ್ತೊಮ್ಮೆ ಕೂತು ಓದಿದರು. ಸ್ಕೂಟರಿನವರ ಆರ್ಡರು ನಾಳೆಯಿಂದಲೇ ಶುರು ಮಾಡಿಸುತ್ತೇನೆ, ಕೋಟನ್ನು ಕರೆಸಿ ಕೇಳುತ್ತೇನೆ, ಆದರೆ ನಿಮ್ಮನ್ನು ಸ್ಟೋರಿನಲ್ಲಿ ಬಿಡಲು ಆಗುವುದಿಲ್ಲ, ಇನ್ನು ಕಡತಗಳ ಕೋಣೆಯೇ ಅಂದರು. ಒಬ್ಬ ಮನುಷ್ಯನ ಕರುಳು ಹೋಗಿದೆಯಲ್ಲ ಅಂದರು. ಹೌದು ಅಂದೆ. ಅವರು ಹೇಳಿದ್ದು ಸರಿಯಾಗಿತ್ತು.

ಕೆಳಗೆ ಬಂದು ಬೀಗದ ಕೈ ಗೊಂಚಲನ್ನು ಆಫೀಸಿನಲ್ಲಿ ಒಪ್ಪಿಸಿದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ನೋಡಿದವರು ನೋಡಿದರು.

ಸಹಿ ಹಾಕಿದ್ದರೆ ನಾಳೆ ಎಂಟು ಗಂಟೆಗೆ ಸ್ಟೋರಿನ ಬಾಗಿಲು ತೆಗೆಯುತ್ತಿದ್ದವಳು ನಾನು. ಬೇರೆ ಯಾರೋ ತೆಗೆಯುತ್ತಾರೆ. ಹೊಟ್ಟೆ ಉರಿಯುತ್ತಿದೆ. ಉರಿಯಲಿ. ಸಹಿ ಹಾಕಿಲ್ಲ.